ಗಿರಮಿಟ್ ಚಲೋ ಆಗೇತಿ

…ಮತ್ಯಾರು ಅಂದಾರು ರತ್ನವ್ವಾ? ನನ್ನ ಗಂಡನ ಅಣ್ಣ, ಭಾವ ಖಾಸಿಂಸಾಬ್ರ ಅಂದದ್ದು. "ರಹಿಮತಬಿ, ನಿನ್ನ ಗಂಡ ಸಾಯೂತನಕ ಮಂದಿ ಬೇಕರ್ಯಾಗ ಹಿಟ್ಟ ನಾದಿದ. ನೀ ಮಾಲಕಳಾಗಾಕ ಹೊಂಟಿಯೇನು? ಹೆಂಗಸರ ಭಟ್ಟಿಯೊಳಗ ಬ್ರೆಡ್ ಉಬ್ಬೂದಿಲ್ಲ!" …ನಗಬ್ಯಾಡ. ಅವತ್ತ ಯಾರೂ ನಗಲಿಲ್ಲ. ಹಿರೇರ ಮಾತು ಅಂತ ಎಲ್ಲಾರೂ ಗೋಣ ಹಾಕಿದ್ರು. ನಾನೂ ಹಾಕಿದೆ. ಮರುದಿನ ಭಟ್ಟಿ ಕಟ್ಟಾಕ ಗೌಂಡಿನ್ನ ಕರ್ಕೊಂಡು ಬಂದೆ.

ಎಮರ್ಜನ್ಸಿ ಬಂದ ವರ್ಷ ಅದು. ಈಗ ಬೆಟಗೇರ್ಯಾಗ ಯಾರನ್ನರ ಕೇಳು, ರಹಿಮತಬಿ ಬೇಕರಿ ಅಂದ್ರ ಬಾಗಲಾತನಕ ತಂದು ಬಿಡ್ತಾರ. …ಓದಾಕ ಬರ್ತೈತೇನು ಅಂತೀಯಾ? ಬರ್ದೇನು! ಸಾಲಿ ಮೆಟ್ಟಲಾ ಹತ್ತಿಲ್ಲ, ಅದು ಖರೆ. ಬ್ರೆಡ್ ಸುತ್ತಾಕ ರದ್ದಿ ಪೇಪರ್ ತರತಿದ್ದೆ, ಅದರಾಗ ಒಂದೊಂದ ಅಕ್ಷರಾ ಕೂಡಿಸಿ ಕೂಡಿಸಿ ಕಲ್ತೆ. ಈಗ ಕಾದಂಬರಿ ಓದ್ತೀನಿ. ನಿನ್ನ ಅಂಗಡಿ ಬೋರ್ಡಿನ್ಯಾಗ 'ಫಲಾರ' ಅಂತ ಬರಸೀದಿ ನೋಡು, ನಡುವ ಒಂದ 'ಹಾ' ಬೇಕು. …ಇರಲಿ ಬಿಡು, ಮುಂಡರಗಿ ಮಂದಿ ಬೋರ್ಡ ನೋಡಿ ತಿನ್ನೂದಿಲ್ಲ.

ಅಲ್ಲ, ನಾ ಬಂದ ಕೆಲಸಾ ಹೇಳಬೇಕಲ್ಲ. ಬೇಕರಿ ಮಗ್ಗಲಾಗ ಒಂದ ಖೋಲಿ ತಗದೀನಿ. ಚಹಾ, ಗಿರಮಿಟ್, ಮಿರ್ಚಿ… ಮಂದಿ ಕುಂತು ತಿನ್ನೂಹಂಗ. ಅದಕ್ಕೊಬ್ಬಾಕಿ ಬೇಕು. ಹಿಂಗಾಗಿ ಬಸ್ ಹತ್ತಿ ಊರೂರ ತಿರಗಿ ತಿಂದು ನೋಡಾಕತ್ತೀನಿ. ಲಕ್ಷ್ಮೇಶ್ವರದಾಗ ಒಂದ ಬೇಕರ್ಯಾಗ ಖಾರಿ ಬಿಸ್ಕೀಟ ತಗೊಂಡೆ. ಮುರದ್ರ ಸಪ್ಪಳನ ಇಲ್ಲ! ಒದ್ದಿ ಅರಿವಿ ಹರದಂಗಾತು. ಶಿರಹಟ್ಟ್ಯಾಗ ಫಕ್ರುಸಾಬನ ಹೊಟೇಲದಾಗ ಮಿರ್ಚಿ. ಹಿಂಡಿದೆ. ಅಂವನ ಪ್ಲೇಟಿನ್ಯಾಗ ದೀಪಾ ಹಚ್ಚಬಹುದಿತ್ತು, ಅಷ್ಟ ಎಣ್ಣಿ. …ರುಚಿ? ರುಚಿ ಏನ್ ಕೇಳ್ತಿ, ಸಪ್ಪಳಿಲ್ಲದ ಖಾರಿಗೆ ರುಚಿ ಎಲ್ಲಿಂದ ಬರಬೇಕು?

ನಿನ್ನ ಖಬರ ಕೊರ್ಲಹಳ್ಳಿ ಮಂದಿ ಹೇಳಿದ್ರು. ಮುಂಡರಗಿ ಬಸ್‌ಸ್ಟ್ಯಾಂಡ್ ಮುಂದ ರತ್ನವ್ವ ಅಂತ ಅದಾಳ, ನಾಲಿಗಿ ತುದಿಗೆ ಮುಟ್ಟಿಸಿದ್ರ ಸಾಕು, ಉಪ್ಪೆಷ್ಟು ಹುಳಿ ಎಷ್ಟು ಹೇಳ್ತಾಳ ಅಂತ. ಅಂಥಾಕೀನ ಬೇಕು ನನಗ.

…ಕೆಲಸಾ ಏನಂತೀಯಾ? ಕುಂಡ್ರೂದು, ತಿನ್ನೂದು, ಹೇಳೂದು. …ಖರೇನ! ಯಾಕ ನಗ್ತಿ? ಮುಂಜಾನಿ ಮೊದಲನೇ ಬ್ರೆಡ್ ನೀ ತಿನ್ನಬೇಕು. ಉಪ್ಪ ಐತೇನು, ಹಿಟ್ಟ ಹುಳಿ ಬಂದೈತೇನು, ನನಗ ಹೇಳಬೇಕು. ಮಂದಿ ಮುಂದಲ್ಲ. ಕಿವ್ಯಾಗ. ಗಿರಮಿಟ್ಟು-ಗಿಟ್ಟು ಆಮ್ಯಾಲ. …ನಾನ ಯಾಕ ತಿಂದು ನೋಡಬಾರದು? ಏ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೂದ ಕೇಳಿಲ್ಲೇನು? ನನ್ನ ಬ್ರೆಡ್ ನನಗ ಎಂದರ ಕೆಟ್ಟ ಅನಸೀತೇನು! …ಆತು, ಮಾತು ಸಾಕು. ಒಂದ ಪ್ಲೇಟ್ ಗಿರಮಿಟ್ ತಾ. ನಿನ್ನ ಕೈ ನೋಡೇನ ಹೋಗಾಕಿ ನಾ.

…ಹ್ಞಾ. ಚುರಮುರಿ ಮೆತ್ತಗಾಗಿಲ್ಲ. ಉಳ್ಳಾಗಡ್ಡಿ ಸಣ್ಣಗ ಹೆಚ್ಚೀದಿ. ಪುಠಾಣಿ ಹಿಟ್ಟು ಎಲ್ಲಾ ಕಡೆ ಹತ್ತೈತಿ. ಚಲೋ ಆಗೇತಿ. ಭಾಳ ಚಲೋ ಆಗೇತಿ ರತ್ನವ್ವಾ… ಆ ಇಬ್ಬರು ಯಾಕೆದ್ರು? ಪ್ಲೇಟ್ ತುಂಬಿದ್ದು ಹಂಗ ಐತಿ. ಬಸ್ ಬಂತೇನು? ಯಾ ಬಸ್ಸೂ ಬಂದಿಲ್ಲ. ಒಬ್ಬಂವ ಉಗುಳಾಕತ್ತಾನಲ್ಲ… ಎಲಿ-ಅಡಕಿ ಇರಬೇಕು. ಅನ್ನದ ಕಿಮ್ಮತ್ತ ಗೊತ್ತಿಲ್ಲದ ಮಂದಿ. ನನ್ನ ನೋಡು, ಒಂದ ಕಾಳು ಬಿಟ್ಟಿಲ್ಲ…

ಯಾಕ? ನನ್ನ ಪ್ಲೇಟಿಗ್ಯಾಕ ಬೆರಳ ಹಚ್ಚಿ ನೆಕ್ಕಿದಿ? …ಅಯ್ಯ, ನೀನೂ ಉಗುಳಿದಿ! ಏನಾತು? ಅಲ್ಲೇನ್ ತೋರಸ್ತಿ? ಚುರಮುರಿ ಚೀಲ… ಅದರ ಮ್ಯಾಲ ಹಲಗಿ… ಹಲಗಿ ಮ್ಯಾಲ ಡಬ್ಬಿ… ಸೋರಾಕತ್ತೈತಿ.

ಸ್ಟೋಕ್ಕ ಹಾಕೂ ಚಿಮಣಿ ಎಣ್ಣಿ.

ಇರಲಿ ಬಿಡು. ದಿನಾ ಸ್ಟೋ ಮುಂದ ಕುಂಡ್ರಾಕಿ, ನಿನ್ನ ಮೂಗಿಗೆ ವಾಸನಿ ಹತ್ತಿರಲಿಕ್ಕಿಲ್ಲ. ನನಗ ಮೊದಲನೇ ತುತ್ತಿಗೇ ಗೊತ್ತಾತು. ಖರೆ. ನಿನಗ ಕೆಟ್ಟ ಅನಸಬಾರದಂತ ಸುಮ್ನ ತಿಂದೆ. …ಪ್ಲೇಟ್ ಖಾಲಿ ಐತಿ, ಹೌದು. ಒಬ್ಬರ ಅಂಗಡಿಗೆ ಹೋದ ಮ್ಯಾಲ ಮರ್ಯಾದಿ ಅಂತ ಒಂದ… ಹಂಗ ನೋಡಬ್ಯಾಡ. ಬೈಯಿ. ಕ್ಯಾಕಿ ಹಾಕಿ ನಗು!

…ನೀರ್ಯಾಕ? ಕುಡೀತೀನಿ, ಇಡು.

ರತ್ನವ್ವಾ, ಬಾಗಲಾ ಮುಂದ ಮಾಡು, ಹೊರಗ ಯಾರಿಗೂ ಕೇಳಬಾರದು.

ಹೋದ ವರ್ಷ ರಮಜಾನ್ ತಿಂಗಳಾಗ ಜ್ವರಾ ಬಂತು. ಡಾಕ್ಟರ್ ಮಲಕೋ ಅಂದ್ರು. ಭಟ್ಟಿ ಆರಿಸಿದ್ರ ಹೆಂಗಸು ಸೋತ್ಲು ಅಂತಿದ್ರು ಮಂದಿ. ಆರಿಸಲಿಲ್ಲ. ಹೊಗ್ಯಾಗ ನಿಂತ ನಿಂತ ಹಬ್ಬದ ಬ್ರೆಡ್ ಎಲ್ಲಾ ಕೊಟ್ಟೆ. ಜ್ವರಾ ಹೋತು. ಹೋಗೂ ಮುಂದ ಬಾಯಿರುಚಿ ತಗೊಂಡು ಹೋತು, ಮೂಗಿನ ವಾಸನಿನೂ. ಇವತ್ತ ಬಂದೀತು, ನಾಳೆ ಬಂದೀತು… ಯಾರಿಗೂ ಹೇಳಿಲ್ಲ. ಬೇಕರಿ ಆಳುಗಳಿಗೂ ಹೇಳಿಲ್ಲ. ಮೊನ್ನಿ ಒಂದ ಭಟ್ಟಿ ಬ್ರೆಡ್ ಉಪ್ಪ ಹಾಕದ ಹೊಂಟು ಹೋಗಿತ್ತು. ಮಂದಿ ವಾಪಸ್ ತಂದ್ರು. "ಬಿ.ಪಿ. ಇದ್ದಾವರಿಗಂತ ಬ್ಯಾರೆ ಮಾಡಿದ್ದು" ಅಂದೆ. ಒಂದ ಸಲ ನಡೀತು. ಎರಡನೇ ಸಲ ನಡ್ಯಾಂಗಿಲ್ಲ.

ಬರ್ತಿಯೋ ಬಿಡ್ತಿಯೋ, ನಿನ್ನ ಖುಷಿ. ಮಂದಿಗೆ ಮಾತ್ರ… ಬ್ಯಾಡ, ಹೇಳಾಕಿ ಅಲ್ಲ ನೀ. ಮಗ್ಗಲಿಗೆ ಬಂದು ಕುಂತಿ.

ಆತು, ಕೇಳು ಹಂಗಾರ. ಬೆಟಗೇರ್ಯಾಗ ಸ್ವಂತ ಜಾಗಾ ಐತಿ. ಎರಡು ಭಟ್ಟಿ ಅದಾವ, ಹಿಂದ ಮಾಳಗಿ ಮನಿ ಐತಿ, ರಸ್ತೆಕ್ಕ ಮಾರಿ ಮಾಡಿ ಬೋರ್ಡ್ ಐತಿ, ಅದರ ಮ್ಯಾಲ ನನ್ನ ಹೆಸರೈತಿ. ಮುಂಜಾನಿ ಆತಂದ್ರ ಅರ್ಧಾ ಬೆಟಗೇರಿ ನನ್ನ ಬ್ರೆಡ್ ಚಹಾದಾಗ ಅದ್ದಿ ತಿಂತೈತಿ. ಹೆಂಗಿರತೈತಿ ಅನ್ನೂದು ನನಗಷ್ಟ ಗೊತ್ತಿಲ್ಲ.