ಪೆಟ್ಟಿಗೆ ಮೇಲೆ ನಿನ್ನ ಹೆಸರು

…ಅದಕ್ಕೇ ಹೇಳ್ತಿರೋದು ಕೋಮಲಾ, ನಾಳೆ ಮ್ಯಾನೇಜರ್ ತೋಂಟದಾರ್ಯ ಸಾಹೇಬ್ರು ವಿಚಾರಣೆಗೆ ಕರೆದಾಗ ಜಾಸ್ತಿ ಮಾತಾಡ್ಬೇಡ. ‘ಕಣ್ತಪ್ಪಿ ಆಯ್ತು ಸಾ’ ಅಂದ್ಬುಡು, ಅಷ್ಟೇ. ಕೂತ್ಕೋ. ಕಿಬ್ಬನಹಳ್ಳಿಗೆ ಆರೂವರೆ ಬಸ್ಸು ಯಾವತ್ತು ಆರೂವರೆಗೆ ಬಂದೈತೆ?

ಯಾಕೆ ನಗ್ತೀಯ? ನಾನು ಬೆವರ್ತಿರೋದಕ್ಕಾ? ಸೆಖೆ ಕಣಮ್ಮ… ಸೆಖೆ ಅಲ್ಲ, ಭಯ. ನಿನ್ನ ಬಗ್ಗೇನೇ ಭಯ.

ಬುಧವಾರ, ಗುರುವಾರದ ಆರುನೂರು ಪಿನ್ನು ಟ್ರ್ಯಾಕ್ಟರ್ ಕಂಪ್ನಿಯಿಂದ ವಾಪಸ್ ಬಂದವೆ. ಬ್ರೇಕಿಗೆ ಹೋಗೋವು. ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸ, ಅಷ್ಟೇ ಸಣ್ಣ ಆಗವೆ. ಆದ್ರೂ ಸಡಿಲ. ಹಂಗೇ ಹಾಕಿದ್ರೆ ಒಂದಿನ ಬ್ರೇಕು ಹಿಡೀತಿರ್ಲಿಲ್ಲ. ಲೇತಲ್ಲಿ ಪಿನ್ನು ಕಡೆದದ್ದು ನಾನೇ ಸರಿ, ಅಳೆದು ಸೈನ್ ಹಾಕಿದ್ದು ನೀನಲ್ವಾ? ದಪ್ಪ ಅಳೆಯೋ ಮೈಕ್ರೋಮೀಟರ್ ಪೆಟ್ಟಿಗೆ ಮೇಲೂ ನಿನ್ನ ಹೆಸರೇ. ಯಾರ ಹೆಸರೋ ಅವರೇ ಜವಾಬ್ದಾರಿ, ನಮ್ಮ ಶೆಡ್ಡಿನ ಪದ್ಧತಿ ಗೊತ್ತಲ್ಲ.

ತಲೆ ಯಾಕೆ ಅಲ್ಲಾಡಿಸ್ತೀಯ? ಕೆಲಸದಿಂದ ತೆಗೀತಾರೆ ಅಂತಾನಾ? ತೆಗೆಯಲ್ಲ ಕಣಮ್ಮ, ಬೈದು ಬುಡ್ತಾರೆ. ತೆಗೆದ್ರೂ… ನಿಂಗೆ ಹೊಲಿಗೆ ಬತ್ತದಲ್ವಾ? ನೀನು ಒಪ್ಕೊಳ್ದೆ ಇದ್ರೆ ಎಲ್ಲರನ್ನೂ ಕರೆದು ಕೆದಕ್ತಾರೆ. ಬರೋ ತಿಂಗಳು ನನ್ನ ಪರ್ಮನೆಂಟ್ ಲೆಟರ್ರು… ಬುಡು, ಅದಕ್ಕಲ್ಲ ಹೇಳಿದ್ದು.

ನಿನ್ನ ಕಣ್ಣಿನ ತಪ್ಪಿಲ್ಲ, ನಂಗೊತ್ತು. ನೆಲಕ್ಕೆ ಬಿದ್ದ ಮೈಕ್ರೋಮೀಟರ್ ನೋಡೋಕೆ ಚೆನ್ನಾಗೇ ಇರ್ತದೆ. ಅದು ಸುಳ್ಳು ರೀಡಿಂಗ್ ತೋರಿಸ್ತಿದ್ರೆ ಯಾರಿಗೆ ತಾನೇ…

ಯಾಕೆ ಹಂಗೆ ನೋಡ್ತೀಯ?

ಬಿದ್ದದ್ದು ಅಂದ್ನಾ? ಮಾತಿಗೆ ಅಂದೆ. ಬಿದ್ದಿರಬಹುದು ಅಂತ. ಕೋಮಲಾ… ‘ಜುಂಜೇಶಣ್ಣ’ ಅಂತ ಬಾಯ್ತುಂಬ ಕರೀತಿದ್ದೆ, ಈಗ ಬೈದಾದ್ರೂ ಬುಡು.

ಮಂಗಳವಾರ. ನೀನು ಮಗಳ ಮುಡಿ ಕೊಡಿಸೋಕೆ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿದ್ದೆ. ನನ್ನ ಮೈಕ್ರೋಮೀಟರ್ ರಿಪೇರಿಗೆ ಹೋಗಿತ್ತು, ನಿನ್ನ ಪೆಟ್ಟಿಗೆ ತೆಗೆದೆ. ಬೆಳಿಗ್ಗೆ ಭಾವನ ತೋಟದಲ್ಲಿ ಮುನ್ನೂರು ಕಾಯಿ ಸುಲಿದು ಅಂಗೈಯೆಲ್ಲ ಬೊಬ್ಬೆ. ಕೊಬ್ಬರಿ ಎಣ್ಣೆ ಸವರ್ಕೊಂಡು ಹಂಗೇ ಶಿಫ್ಟಿಗೆ ಬಂದಿದ್ದೆ. ಜಾರ್ತು… ಸಿಮೆಂಟ್ ನೆಲ. ಬಿದ್ದದ್ದನ್ನ ಮತ್ತೆ ಬಳಸಬಾರ್ದು, ಆಫೀಸಿಗೆ ಕೊಟ್ಟು ಚೆಕ್ ಮಾಡಿಸ್ಬೇಕು. ಗೊತ್ತಿತ್ತು ಕಣಮ್ಮ. ಒರೆಸಿ ಪೆಟ್ಟಿಗೇಲಿ ಇಟ್ಬುಟ್ಟೆ. ಮಾರನೇ ದಿನ ನೀನು ಬಂದು ನಂಬಿ ಅಳೆದೆ.

ಹೇಳಾಯ್ತಲ್ಲ, ಇನ್ನೇನು? ಬೆರಳಲ್ಲಿ ಏನು ಎಣಿಸ್ತಿದ್ದೀಯ? ಬುಧವಾರ, ಗುರುವಾರ… ಹೂಂ. ವಾಪಸ್ ಬಂದಿರೋದು ನಿನ್ನ ಆ ಎರಡು ದಿನದ್ದೇ.

ನೋಡ್ಬೇಡ ಹಂಗೆ. ಹೇಳ್ತೀನಿ.

ಬಿದ್ದ ಮೇಲೂ ಅವತ್ತು ಸಂಜೆವರೆಗೆ ನಾನು ಅದರಲ್ಲೇ ಅಳೆದೆ. ಅವತ್ತಿನ ಮಾಲು ಮೊದಲೇ ಹೊರಟೋಯ್ತು, ಕಂಪ್ನೀಲಿ ಯಾರೂ ನೋಡ್ದೆ ಫಿಟ್ ಮಾಡವ್ರೆ. ಮಂಗಳವಾರದ ಪಿನ್ನು ಒಂದೂ ವಾಪಸ್ ಬಂದಿಲ್ಲ ಕೋಮಲಾ. ಯಾವ್ಯಾವ ಟ್ರ್ಯಾಕ್ಟರಲ್ಲಿ ಓಡ್ತಾ ಅವೋ, ನಂಗೊತ್ತಿಲ್ಲ.