ಇದ್ದಲಿನ ನಾಲ್ಕು ಗೆರೆ

ಮಲ್ಕಾಜ್‌ಗಿರಿ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಸುಬ್ಬರಾಯರು ಮೊಬೈಲನ್ನು ಜೇಬಿಗಿಳಿಸಿದರು. ಮುಂದೆ ನಿಂತಿದ್ದವರು ಅತ್ತೆ, ಸೊಸೆ.

“ಅತ್ತಿ, ಪಾಲಿಕೆ ಇಂಜಿನಿಯರ್ ಫೋನ್ ಮಾಡಿದ್ರು. ನಮ್ಮ ಓಣಿ ಮಳಿನೀರಿನ ನಾಲಾದ ಅರ್ಜಿ ಪಾಸಾತಂತ. ದಿಲ್ಲಿಯಿಂದ ಅನುದಾನ ಬಂತು.”

“ಹ್ವಾದ ವರ್ಷ ಹೊಳ್ಳಿ ಕಳಿಸಿದ್ರಲ್ಲ ಸ್ನೇಹಾ?”

“ನೀರು ಎಲ್ಲಿತನಕ ಏರತೈತಿ ಅನ್ನೋದಕ್ಕ ದಾಖಲಿ ಇಲ್ಲಂತ ಕಳಿಸಿದ್ರು. ಈ ಸಲ ನಿಮ್ಮ ಗೆರಿ ಫೋಟೊ ಹಚ್ಚಿದ್ರಂತ್ರಿ. ನೀರು ಮನಿ ಹೊಕ್ಕಾಗೆಲ್ಲ ಗ್ವಾಡಿ ಮ್ಯಾಲೆ ಎಳದಿದ್ರಲ್ಲ, ಅವು.”

“ನಾಲ್ಕೂ?”

“ನಾಲ್ಕೂ. ತಾರೀಖು ಸಮೇತ.”

“ಇದ್ದಲಿಲೆ ಗ್ವಾಡಿ ಹೊಲಸು ಮಾಡ್ತೀರಿ ಅಂತಿದ್ದಿ.”

“ಅಂತಿದ್ದೆ, ಖರೇನ. ನಮ್ಮ ಹುಡುಗಿ ಕಾವ್ಯಾನ ನೋಡಾಕ ಬೀಗರು ಬಂದಾಗ ಅದರ ಮ್ಯಾಲೆ ಕ್ಯಾಲೆಂಡರ್ ಸುದ್ದಾ ತೂಗಹಾಕಿದ್ದೆ.”

“ಎರಡು ಕ್ಯಾಲೆಂಡರ್. ಮ್ಯಾಲಿನ ಗೆರಿ ಒಂದರಾಗ ಮುಚ್ಚಲಿಲ್ಲ.”

ಸುಬ್ಬರಾಯರು ನಗು ತಡೆಯಲಾಗದೆ ಕೆಮ್ಮಿದರು.

“ಇನ್ನ ಬಣ್ಣ ಹಚ್ಚಸೂಣೇನ್ರಿ?”

“ಈ ರೊಕ್ಕ ಯಾತಕ್ಕ ಬಂದೈತಿ?”

“ನಾಲಾ ಹೆಂಗ ಕಟ್ಟಬೇಕಂತ ನಕ್ಷಾ ಹಾಕಾಕ.”

“ಕಟ್ಟಾಕಲ್ಲ?”

“ಅದಕ್ಕ ಮತ್ತೊಂದು ಅರ್ಜಿ ಹಾಕಬೇಕಂತ್ರಿ.”

“ಹಂಗಾರ ಗೆರಿ ಇರಲಿ. ಅವರಿಗೆ ಮತ್ತ ಬೇಕಾಗ್ತಾವ.”

ಟಿಕೆಟ್ ಕೈಗೆ ಬಂತು. ಮುದುಕಿ ಸೆರಗು ಕೊಡವಿ, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತತೊಡಗಿದಳು. ಸೊಸೆ ಹಿಂದಿನಿಂದ ಕೂಗಿ ಹೇಳಿದಳು:

“ಅತ್ತಿ, ಮನಿಗೆ ಹೋಗಿ ಕ್ಯಾಲೆಂಡರ್ ತಗೀತೀನ್ರಿ.”

“ಎರಡೂ ತಗಿ,” ಎಂಬ ಉತ್ತರ ಮೇಲಿನಿಂದ ಬಂತು. “ಬಂದ ಮಂದಿ ನೋಡಲಿ.”