ಲೈಫ್ ಜಾಕೆಟ್ಟಿನ ಒಳಕಿಸೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ ಬಾಳಪ್ಪ ಮನಸ್ಸಿನಲ್ಲೇ ವಚನ ಹೇಳಿಕೊಳ್ಳುತ್ತ ಕುಳಿತಿದ್ದರು. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ. ಗಂಡನ ಕೈಯಲ್ಲಿ ಹೊಸ ಗಾಳದ ಕೋಲು. ಅವರ ಮಾತು ಕಿವಿಗೆ ಬಿದ್ದು ವಚನ ಅರ್ಧಕ್ಕೇ ನಿಂತಿತು.

“ಕಯಾಕ್ ಅಂತ ಸಣ್ಣ ದೋಣ್ಯಾಗ ಕುಂತು ಮೀನ ಹಿಡಿಯೂ ಹುಚ್ಚು ನಿಮಗ್ಯಾಕ ಅಂತ ಓಣಿ ಮಂದಿ ಕೇಳಾಕತ್ತಾರ. ನಮ್ಮ ಮನ್ಯಾಗ ತತ್ತೀನೂ ಬರಂಗಿಲ್ಲ.”

“ಮೀನ ಮನೀಗೆ ತರಂಗಿಲ್ಲ, ಪೂರ್ಣಿಮಾ. ಹಿಡದು, ನೋಡಿ, ನದಿಗೇ ಬಿಡ್ತೀನಿ.”

“ಬಿಡೂದಿದ್ರ ಹಿಡಿಯೂದ್ಯಾಕ್ರೀ?”

“ನೀ ಅಂಗಡ್ಯಾಗ ಇದ್ದಬದ್ದ ಸೀರಿ ಬಿಚ್ಚಿಸಿ ನೋಡಿ, ಒಂದೂ ತಗೊಳ್ದ ಬರ್ತೀಯಲ್ಲ, ಹಂಗ.”

ಬಾಳಪ್ಪ ನಗು ತಡೆದುಕೊಂಡರು.

“ದೋಣಿ ಮಗಚಿದ್ರ?”

“ಲೈಫ್ ಜಾಕೆಟ್ ಐತಿ. ತೇಲ್ತೀನಿ.”

“ನೀವು ತೇಲ್ತೀರಿ. ಕೊರಳಾಗಿನ ಲಿಂಗ? ದಾರ ಹರದು ಮಲಪ್ರಭಾದಾಗ ಹೋದ್ರ?”

ಗಂಡ ಕೋಲನ್ನು ಕೆಳಗಿಟ್ಟ. ಬಾಳಪ್ಪನವರ ಕೈ ತಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು.

“ಅಷ್ಟೊತ್ತು ಲಿಂಗ ಚೀಲದಾಗ ತಗದಿಡ್ಲೇನು?”

“ಮೈ ಬಿಟ್ಟು ಇಡಾಕ ಅದೇನು ಕೈಗಡಿಯಾರ ಏನ್ರೀ?”

“ಹಂಗಾರ ಬ್ಯಾಡ ಬಿಡು. ಹೊಳಿ ದಂಡಿಗೆ ತರಿಸಿದ ದೋಣಿ ವಾಪಸ್ ಕೊಡೂಣು.”

ಆಕೆ ಚೀಲದಿಂದ ಕಿತ್ತಳೆ ಬಣ್ಣದ ಜಾಕೆಟ್ ತೆಗೆದು ಒಳಮೈ ತೋರಿಸಿದಳು.

“ಎದಿ ಹತ್ರ ಕಿಸೆ ಹೊಲದೀನಿ, ಜಿಪ್ ಹಚ್ಚೀನಿ. ದಾರ ಹರದ್ರೂ ಲಿಂಗ ಇಲ್ಲೇ ಇರತೈತಿ.”

ಗಂಡ ಕಿಸೆಯೊಳಗೆ ಬೆರಳು ಹಾಕಿ ನೋಡಿದ.

“ಚೀಲದಾಗ ಇನ್ನೊಂದು ಜಾಕೆಟ್ ಐತಲ್ಲ, ಅದ್ಯಾರದು?”

“ನಂದು. ಅದಕ್ಕೂ ಕಿಸೆ ಹೊಲದೀನಿ. ದೋಣ್ಯಾಗ ಎರಡು ಸೀಟ್ ಅದಾವಂತ ನೀವೇ ಹೇಳಿದ್ರಿ. ಮುಂದಿನದು ನಂದು.”

ಹೊಳೆಯ ಸೇತುವೆ ಬಂತು. ಇಬ್ಬರೂ ಇಳಿದರು. ಗಾಳದ ಕೋಲು ಈಗ ಆಕೆಯ ಕೈಯಲ್ಲಿತ್ತು.